ಒಂದೊಂದು ಪ್ಯಾಕೆಟ್‌ಗೂ ಎಣಿಕೆಯ ಬೆಲೆ: ಲಿನಕ್ಸ್ ಕರ್ನಲ್ ಅಟಾಮಿಕ್ ಕಾರ್ಯಾಚರಣೆಗಳನ್ನು ಕಡಿಮೆ ಮಾಡಿದ ಬಗೆ

ಮಲೆನಾಡಿನ ಎಷ್ಟೋ ಊರುಗಳಲ್ಲಿ ಇಂದಿಗೂ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕಾಗಿದೆ. ಆದರೂ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಂತಹ ಪೇಟೆಗಳಿಗೂ ಅವುಗಳ ಆಸುಪಾಸಿನ ಹಲವು ಹಳ್ಳಿಗಳಿಗೂ ಫೈಬರ್ ಕೇಬಲ್ ತಲುಪಿದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಡಿಕೆಯ ಆ ದಿನದ ಧಾರಣೆಯನ್ನು ಬೆಳೆಗಾರರು ಮೊಬೈಲಿನಲ್ಲೇ ನೋಡಿಕೊಳ್ಳುತ್ತಾರೆ. ಬೆಂಗಳೂರಿನ ಕಂಪನಿಯ ಕೆಲಸವನ್ನು ತೋಟದ ಮನೆಯಲ್ಲಿ ಕುಳಿತು ಮಾಡುವವರೂ ಇದ್ದಾರೆ. ಕೇಬಲ್ಲಿನ ವೇಗ ಏರಿದಂತೆಲ್ಲ, ಆ ಕೇಬಲ್ಲಿನ ತುದಿಗಳಲ್ಲಿಯೂ ನಡುವಿನಲ್ಲಿಯೂ ಕುಳಿತಿರುವ ಕಂಪ್ಯೂಟರ್‌ಗಳು ಆ ವೇಗಕ್ಕೆ ತಕ್ಕಂತೆ ಕೆಲಸ ಮಾಡಬಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಮನೆಯ ವೈಫೈ ಪೆಟ್ಟಿಗೆ, ಕೈಯಲ್ಲಿರುವ ಆಂಡ್ರಾಯ್ಡ್ ಫೋನ್, ಧಾರಣೆಯ ಮಾಹಿತಿಯನ್ನು ಒದಗಿಸುವ ಸರ್ವರ್ ಇವುಗಳಲ್ಲಿ ಬಹುಪಾಲು ಲಿನಕ್ಸ್ ಕರ್ನಲ್ ಮೇಲೆ, ಅಂದರೆ ಯಂತ್ರದ ಭಾಗಗಳನ್ನೂ ಪ್ರೋಗ್ರಾಮುಗಳನ್ನೂ ನಿರ್ವಹಿಸುವ ಮೂಲ ಸಾಫ್ಟ್‌ವೇರಿನ ಮೇಲೆ, ನಡೆಯುತ್ತವೆ. ಆ ಕರ್ನಲ್ಲಿನ ನೆಟ್‌ವರ್ಕ್ ಭಾಗದಲ್ಲಿ, ಪ್ರತಿ ಪ್ಯಾಕೆಟ್ಟಿಗೂ ನಡೆಯುತ್ತಿದ್ದ ಕೆಲವು ದುಬಾರಿ ಎಣಿಕೆಗಳನ್ನು ಒಂದೊಂದಾಗಿ ತೆಗೆದುಹಾಕುವ ಕೆಲಸ ಹದಿನೈದು ವರ್ಷಗಳಿಗೂ ಹೆಚ್ಚು ಕಾಲದಿಂದ ನಡೆದುಬಂದಿದೆ. ಆ ಎಣಿಕೆಗಳು ಯಾವುವು, ಅವು ಏಕೆ ದುಬಾರಿ, ಅವನ್ನು ತೆಗೆದರೂ ಲೆಕ್ಕ ತಪ್ಪದಂತೆ ನೋಡಿಕೊಂಡಿದ್ದು ಹೇಗೆ ಎಂಬುದನ್ನು ಮೂಲದಿಂದ ನೋಡೋಣ.

ಪ್ಯಾಕೆಟ್ ಕರ್ನಲ್ ಒಳಗೆ ನಡೆಯುವ ದಾರಿ

ಇಂಟರ್‌ನೆಟ್ಟಿನಲ್ಲಿ ಯಾವ ಮಾಹಿತಿಯೂ ಇಡಿಯಾಗಿ ಸಾಗುವುದಿಲ್ಲ. ಅದನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ಕಳಿಸಿದವರ ಮತ್ತು ತಲುಪಬೇಕಾದವರ ವಿಳಾಸವನ್ನು ಹಚ್ಚಿ ಕಳುಹಿಸಲಾಗುತ್ತದೆ. ಈ ತುಂಡಿಗೆ ಪ್ಯಾಕೆಟ್ ಎನ್ನುತ್ತಾರೆ. ಈಥರ್‌ನೆಟ್ ಕೇಬಲ್ಲಿನಲ್ಲಿ ಸಾಮಾನ್ಯ ಪ್ಯಾಕೆಟ್ ಒಂದರ ಗರಿಷ್ಠ ಗಾತ್ರ 1500 ಬೈಟ್. ಹಾಗಾಗಿ ಒಂದು ಫೋಟೋ ತಲುಪಬೇಕಾದರೂ ಸಾವಿರಾರು ಪ್ಯಾಕೆಟ್‌ಗಳು ಬೇಕಾಗಬಹುದು.

ಪ್ಯಾಕೆಟ್ ಬಂದಾಗ ನೆಟ್‌ವರ್ಕ್ ಕಾರ್ಡ್ ಅದನ್ನು ನೇರವಾಗಿ ಕಂಪ್ಯೂಟರಿನ ಮೆಮೊರಿಗೆ ಬರೆದು ಪ್ರೊಸೆಸರಿಗೆ ಸೂಚನೆ ಕೊಡುತ್ತದೆ. ಕಾರ್ಡನ್ನು ನಡೆಸುವ ಕರ್ನಲ್ಲಿನ ಭಾಗವಾದ ಡ್ರೈವರ್ ಆ ಪ್ಯಾಕೆಟ್ಟಿಗಾಗಿ ಒಂದು ವಿವರಪಟ್ಟಿಯನ್ನು ಸಿದ್ಧಪಡಿಸುತ್ತದೆ. ಲಿನಕ್ಸಿನಲ್ಲಿ ಇದರ ಹೆಸರು ಎಸ್‌ಕೆಬಫ್. ಪ್ಯಾಕೆಟ್ ಮೆಮೊರಿಯಲ್ಲಿ ಎಲ್ಲಿದೆ, ಎಷ್ಟು ಉದ್ದವಿದೆ, ಯಾವ ಕಾರ್ಡಿನಿಂದ ಬಂತು ಎಂಬುದೆಲ್ಲ ಅದರಲ್ಲಿರುತ್ತದೆ. ಆಮೇಲೆ ವಿಳಾಸವನ್ನು ನೋಡಿಕೊಳ್ಳುವ ಐಪಿ ಹಂತವು ಈ ಪ್ಯಾಕೆಟ್ ಈ ಯಂತ್ರಕ್ಕೇ ಸೇರಿದ್ದೋ ಮುಂದಕ್ಕೆ ಕಳುಹಿಸಬೇಕಾದದ್ದೋ ಎಂದು ರೂಟನ್ನು, ಅಂದರೆ ಅದು ಸಾಗಬೇಕಾದ ದಾರಿಯನ್ನು, ಹುಡುಕುತ್ತದೆ. ಇಲ್ಲಿಗೇ ಸೇರಿದ್ದಾದರೆ ಟಿಸಿಪಿ (ಮೊದಲು ಸಂಪರ್ಕ ಬೆಳೆಸಿ ಕಳುಹಿಸುವ ಬಗೆ) ಅಥವಾ ಯುಡಿಪಿ (ಸಂಪರ್ಕವಿಲ್ಲದೆ ಬಿಡಿಬಿಡಿಯಾಗಿ ಕಳುಹಿಸುವ ಬಗೆ) ಹಂತವು ಇದು ಯಾವ ಪ್ರೋಗ್ರಾಮಿನ ಸಾಕೆಟ್ಟಿಗೆ (ಪ್ರೋಗ್ರಾಮ್ ನೆಟ್‌ವರ್ಕಿನೊಂದಿಗೆ ವ್ಯವಹರಿಸುವ ಬಾಗಿಲಿಗೆ) ಹೋಗಬೇಕು ಎಂದು ಹುಡುಕಿ ಅಲ್ಲಿ ಸರದಿಯಲ್ಲಿ ನಿಲ್ಲಿಸುತ್ತದೆ. ಕೊನೆಯಲ್ಲಿ ಪ್ರೋಗ್ರಾಮ್ ಅದನ್ನು ಓದಿಕೊಂಡ ಮೇಲೆ ಎಸ್‌ಕೆಬಫ್ ಅನ್ನೂ ಪ್ಯಾಕೆಟ್ ಇದ್ದ ಮೆಮೊರಿಯನ್ನೂ ಬಿಡುಗಡೆ ಮಾಡಲಾಗುತ್ತದೆ.

ಈ ದಾರಿಯಲ್ಲಿ ಎಸ್‌ಕೆಬಫ್, ರೂಟಿನ ವಿವರ, ಸಾಕೆಟ್, ನೆಟ್‌ವರ್ಕ್ ಕಾರ್ಡಿನ ವಿವರ, ಮೆಮೊರಿಯ ಪುಟ (ಮೆಮೊರಿಯನ್ನು ಹಂಚಿಕೊಡುವ ನಿಗದಿತ ಗಾತ್ರದ ತುಂಡು) ಹೀಗೆ ಹಲವು ವಸ್ತುಗಳು ಬಳಕೆಯಾಗುತ್ತವೆ. ಒಂದು ಕಡೆ ಪ್ಯಾಕೆಟ್ ಸಾಕೆಟ್ಟಿನ ಕಡೆಗೆ ಸಾಗುತ್ತಿರುವಾಗಲೇ ಇನ್ನೊಂದು ಕಡೆ ಆ ಪ್ರೋಗ್ರಾಮ್ ಸಾಕೆಟ್ಟನ್ನು ಮುಚ್ಚಿಬಿಡಬಹುದು, ಅಥವಾ ನಿರ್ವಾಹಕರು ರೂಟನ್ನು ಅಳಿಸಬಹುದು. ಬಳಕೆಯಲ್ಲಿರುವ ವಸ್ತುವಿನ ಮೆಮೊರಿಯನ್ನು ಕರ್ನಲ್ ಬೇರೆ ಯಾವುದಕ್ಕೋ ಕೊಟ್ಟುಬಿಟ್ಟರೆ ಮಾಹಿತಿ ಕಲಸಿಹೋಗುತ್ತದೆ, ಇಡೀ ಯಂತ್ರವೇ ನಿಂತುಹೋಗಬಹುದು. ಹಾಗಾಗದಂತೆ ಪ್ರತಿ ವಸ್ತುವಿನೊಳಗೂ ಒಂದು ಸಂಖ್ಯೆಯನ್ನು ಇಟ್ಟಿರುತ್ತಾರೆ: ಈ ವಸ್ತುವನ್ನು ಈಗ ಎಷ್ಟು ಕಡೆಯಿಂದ ಬಳಸಲಾಗುತ್ತಿದೆ ಎಂಬ ಸಂಖ್ಯೆ. ಬಳಸಲು ತೊಡಗುವವರು ಅದಕ್ಕೆ ಒಂದನ್ನು ಕೂಡಿಸುತ್ತಾರೆ, ಬಿಟ್ಟುಕೊಡುವವರು ಒಂದನ್ನು ಕಳೆಯುತ್ತಾರೆ, ಯಾರು ಕಳೆದಾಗ ಅದು ಸೊನ್ನೆಯಾಯಿತೋ ಅವರು ವಸ್ತುವನ್ನು ಬಿಡುಗಡೆ ಮಾಡುತ್ತಾರೆ. ಇದನ್ನು ರೆಫರೆನ್ಸ್ ಕೌಂಟ್ ಎನ್ನುತ್ತಾರೆ. ಈ ಲೇಖನದಲ್ಲಿ ಬಳಕೆ ಎಣಿಕೆ ಎಂದು ಕರೆಯೋಣ.

ಒಂದೇ ಸಂಖ್ಯೆಗೆ ಎರಡು ಕೋರ್‌ಗಳು ಕೈಹಾಕಿದರೆ

ಇಂದಿನ ಪ್ರೊಸೆಸರ್ ಒಂದೇ ಚಿಪ್ಪಿನೊಳಗೆ ನಾಲ್ಕು, ಎಂಟು, ದೊಡ್ಡ ಸರ್ವರುಗಳಲ್ಲಿ ನೂರಕ್ಕೂ ಹೆಚ್ಚು ಕೋರ್‌ಗಳನ್ನು ಹೊಂದಿರುತ್ತದೆ. ಪ್ರತಿ ಕೋರ್ ಸ್ವತಂತ್ರವಾಗಿ ಕೆಲಸ ಮಾಡುತ್ತದೆ, ಮೆಮೊರಿ ಮಾತ್ರ ಎಲ್ಲಕ್ಕೂ ಒಂದೇ. ಸಂಖ್ಯೆಗೆ ಒಂದನ್ನು ಕೂಡಿಸುವುದು ನಮಗೆ ಒಂದೇ ಕೆಲಸವೆನ್ನಿಸಿದರೂ ಕೋರ್‌ಗೆ ಅದು ಮೂರು ಹೆಜ್ಜೆ: ಮೆಮೊರಿಯಿಂದ ಓದುವುದು, ಒಂದನ್ನು ಕೂಡಿಸುವುದು, ಮರಳಿ ಬರೆಯುವುದು.

ಸಾಕೆಟ್ಟಿನ ಬಳಕೆ ಎಣಿಕೆ 7 ಇದೆ ಎಂದಿಟ್ಟುಕೊಳ್ಳೋಣ. ಮೊದಲ ಕೋರ್ 7 ಎಂದು ಓದುತ್ತದೆ. ಅದು ಮರಳಿ ಬರೆಯುವ ಮುನ್ನವೇ ಎರಡನೆಯ ಕೋರ್ ಕೂಡ 7 ಎಂದು ಓದುತ್ತದೆ. ಮೊದಲನೆಯದು 8 ಎಂದು ಬರೆಯುತ್ತದೆ, ಎರಡನೆಯದೂ 8 ಎಂದೇ ಬರೆಯುತ್ತದೆ. ಹೊಸದಾಗಿ ಇಬ್ಬರು ಬಳಸತೊಡಗಿದ್ದಾರೆ, ಎಣಿಕೆಯಲ್ಲಿ ಏರಿದ್ದು ಒಂದು ಮಾತ್ರ. ಮುಂದೆ ಎಲ್ಲರೂ ಒಂದೊಂದನ್ನು ಕಳೆಯುತ್ತ ಬಂದಾಗ, ಇನ್ನೂ ಒಬ್ಬರ ಕೈಯಲ್ಲಿ ಸಾಕೆಟ್ ಇರುವಾಗಲೇ ಸಂಖ್ಯೆ ಸೊನ್ನೆಯಾಗಿ ಅದರ ಮೆಮೊರಿ ಬಿಡುಗಡೆಯಾಗಿಬಿಡುತ್ತದೆ.

ಈ ಮೂರು ಹೆಜ್ಜೆಗಳ ನಡುವೆ ಬೇರೆ ಯಾವ ಕೋರ್ ಕೂಡ ನುಸುಳದಂತೆ, ಮೂರನ್ನೂ ಬಿಡಿಸಲಾಗದ ಒಂದೇ ಕೆಲಸವಾಗಿ ಮಾಡಿಕೊಡುವ ಸೂಚನೆಯನ್ನು ಪ್ರೊಸೆಸರ್ ಒದಗಿಸುತ್ತದೆ. ಅದೇ ಅಟಾಮಿಕ್ ಕಾರ್ಯಾಚರಣೆ. ಇಂಟೆಲ್ ಮತ್ತು ಎಎಂಡಿ ಪ್ರೊಸೆಸರುಗಳಲ್ಲಿ ಮಾಮೂಲು ಸೂಚನೆಯ ಮುಂದೆ ಲಾಕ್ ಎಂಬ ಗುರುತನ್ನು ಹಚ್ಚಿದರೆ ಅದು ಅಟಾಮಿಕ್ ಆಗುತ್ತದೆ. ಸಾಫ್ಟ್‌ವೇರಿನಲ್ಲಿ ಬೀಗ ಎಂದು ಕರೆಯುವ ಸ್ಪಿನ್‌ಲಾಕ್ ಮೊದಲಾದ ವ್ಯವಸ್ಥೆಗಳೂ ಒಳಗೆ ಇದೇ ಸೂಚನೆಯ ಮೇಲೆಯೇ ನಿಂತಿವೆ.

ಇದು ಏಕೆ ದುಬಾರಿ ಎಂದು ತಿಳಿಯಲು ಅಡಿಕೆ ಸುಲಿಯುವ ಚಪ್ಪರವನ್ನು ನೆನೆದರೆ ಸಾಕು. ಕೊಯ್ಲಿನ ಕಾಲದಲ್ಲಿ ಹತ್ತಾರು ಜನ ಸಾಲಾಗಿ ಕುಳಿತು ಸುಲಿಯುತ್ತಾರೆ, ಕೂಲಿಯನ್ನು ಡಬ್ಬದ ಲೆಕ್ಕದಲ್ಲಿ ಕೊಡಲಾಗುತ್ತದೆ. ಆ ಇಡೀ ಚಪ್ಪರಕ್ಕೆ ಒಂದೇ ಲೆಕ್ಕದ ಪುಸ್ತಕವಿದ್ದು, ಡಬ್ಬ ತುಂಬಿದವರು ಪ್ರತಿ ಸಲವೂ ಕತ್ತಿ ಬಿಟ್ಟು ಎದ್ದು, ಪುಸ್ತಕ ಯಾರ ಬಳಿಯಿದೆಯೋ ಅವರಿಂದ ಇಸಿದುಕೊಂಡು, ಹಿಂದಿನ ಒಟ್ಟು ಮೊತ್ತವನ್ನು ಓದಿ ಒಂದನ್ನು ಕೂಡಿಸಿ ಬರೆಯಬೇಕು ಎಂಬ ಕಟ್ಟಳೆ ಇದೆಯೆಂದುಕೊಳ್ಳೋಣ. ಬರೆಯುವುದಕ್ಕೆ ಹಿಡಿಯುವ ಹೊತ್ತು ಅತ್ಯಲ್ಪ. ಹೊತ್ತು ಹೋಗುವುದು ಪುಸ್ತಕವನ್ನು ತರುವುದಕ್ಕೆ ಮತ್ತು ಬೇರೆಯವರು ಬರೆದು ಮುಗಿಸುವವರೆಗೆ ಕಾಯುವುದಕ್ಕೆ. ಸುಲಿಯುವವರು ಹೆಚ್ಚಾದಷ್ಟೂ ಪುಸ್ತಕದ ಓಡಾಟ ಹೆಚ್ಚುತ್ತದೆ, ಒಬ್ಬೊಬ್ಬರ ಕೆಲಸ ಕುಗ್ಗುತ್ತದೆ.

ಪ್ರೊಸೆಸರಿನಲ್ಲಿ ಆ ಪುಸ್ತಕದ ಜಾಗದಲ್ಲಿರುವುದು ಕ್ಯಾಶ್ ಲೈನ್. ಪ್ರತಿ ಕೋರ್ ತನಗೆ ಬೇಕಾದ ಮೆಮೊರಿಯ ಭಾಗವನ್ನು ತನ್ನ ಪಕ್ಕದ ಕ್ಯಾಶ್ ಎಂಬ ಚಿಕ್ಕ, ಅತಿವೇಗದ ಸಂಗ್ರಹದಲ್ಲಿ ಇಟ್ಟುಕೊಳ್ಳುತ್ತದೆ. ಇದು ಸಾಮಾನ್ಯವಾಗಿ 64 ಬೈಟ್‌ಗಳ ತುಂಡುಗಳಲ್ಲಿ ನಡೆಯುತ್ತದೆ. ಓದುವುದಕ್ಕಷ್ಟೇ ಆದರೆ ಒಂದೇ ತುಂಡಿನ ಪ್ರತಿಗಳು ಎಲ್ಲ ಕೋರ್‌ಗಳ ಬಳಿಯೂ ಇರಬಹುದು. ಬರೆಯಬೇಕೆಂದರೆ ಮಾತ್ರ ಉಳಿದ ಎಲ್ಲ ಪ್ರತಿಗಳನ್ನೂ ರದ್ದುಮಾಡಿಸಿ ಆ ತುಂಡನ್ನು ತನ್ನೊಬ್ಬನದೇ ಮಾಡಿಕೊಳ್ಳಬೇಕು. ಅಟಾಮಿಕ್ ಕಾರ್ಯಾಚರಣೆಯು ಇದರ ಮೇಲೆ, ಮೂರು ಹೆಜ್ಜೆ ಮುಗಿಯುವವರೆಗೂ ಆ ತುಂಡನ್ನು ಬಿಟ್ಟುಕೊಡುವುದಿಲ್ಲ. ಜೊತೆಗೆ, ಆ ಕೋರ್ ಅಲ್ಲಿಯವರೆಗೆ ಬರೆಯಲೆಂದು ಬಾಕಿ ಇಟ್ಟುಕೊಂಡ ಎಲ್ಲವನ್ನೂ ಇಂಟೆಲ್ ಮತ್ತು ಎಎಂಡಿ ಪ್ರೊಸೆಸರುಗಳಲ್ಲಿ ಮೊದಲು ಬರೆದು ಮುಗಿಸುವಂತೆ ಮಾಡುತ್ತದೆ. ಹಾಗಾಗಿ ಬೇರೆ ಯಾವ ಕೋರ್ ಕೂಡ ಆ ಸಂಖ್ಯೆಯನ್ನು ಮುಟ್ಟದೇ ಇದ್ದಾಗಲೂ ಈ ಸೂಚನೆಗೆ ಒಂದು ಕನಿಷ್ಠ ಬೆಲೆ ಇದ್ದೇ ಇರುತ್ತದೆ.

ಆ ಬೆಲೆ ಎಷ್ಟು

ಸೆಕೆಂಡಿಗೆ 10 ಗಿಗಾಬಿಟ್ ವೇಗದ ಕೇಬಲ್ಲನ್ನು ತೆಗೆದುಕೊಳ್ಳೋಣ. ಈಥರ್‌ನೆಟ್ಟಿನ ಅತಿ ಚಿಕ್ಕ ಫ್ರೇಮ್ (ಕೇಬಲ್ಲಿನಲ್ಲಿ ಸಾಗುವ ರೂಪದ ಪ್ಯಾಕೆಟ್) 64 ಬೈಟ್. ಅದರ ಮುಂದಿನ 8 ಬೈಟ್ ಮುನ್ಸೂಚನೆ, ಹಿಂದಿನ 12 ಬೈಟ್‌ನಷ್ಟು ಬಿಡುವು ಸೇರಿದರೆ 84 ಬೈಟ್, ಅಂದರೆ 672 ಬಿಟ್. ಇದು ಕೇಬಲ್ಲಿನಲ್ಲಿ ದಾಟಲು 67.2 ನ್ಯಾನೊಸೆಕೆಂಡ್ ಸಾಕು. ಸೆಕೆಂಡಿಗೆ ಸುಮಾರು 1 ಕೋಟಿ 48 ಲಕ್ಷ 80 ಸಾವಿರ ಪ್ಯಾಕೆಟ್ಟುಗಳು ಬರಬಹುದು. 3 ಗಿಗಾಹರ್ಟ್ಸ್ ವೇಗದ ಕೋರ್‌ಗೆ 67.2 ನ್ಯಾನೊಸೆಕೆಂಡ್ ಎಂದರೆ ಸುಮಾರು 200 ಕ್ಲಾಕ್ ಸೈಕಲ್, ಅಂದರೆ ಅದರ ಗಡಿಯಾರದ 200 ಮಿಡಿತ. ಒಂದೇ ಕೋರ್ ಎಲ್ಲವನ್ನೂ ನಿಭಾಯಿಸಬೇಕಾದರೆ ಮೇಲೆ ಹೇಳಿದ ಇಡೀ ದಾರಿಯನ್ನು ಇಷ್ಟರಲ್ಲೇ ಮುಗಿಸಬೇಕು.

ಲಿನಕ್ಸ್ ನೆಟ್‌ವರ್ಕಿಂಗ್‌ನಲ್ಲಿ ಕೆಲಸ ಮಾಡುವ ಜೆಸ್ಪರ್ ಬ್ರೌವರ್ 2015ರಲ್ಲಿ ತಮ್ಮ ಯಂತ್ರದ ಅಳತೆಗಳನ್ನು ಪ್ರಕಟಪಡಿಸಿದರು. ಲಾಕ್ ಗುರುತಿನ ಒಂದು ಸೂಚನೆಗೆ 8.25 ನ್ಯಾನೊಸೆಕೆಂಡ್, ಸ್ಪಿನ್‌ಲಾಕ್ ಒಂದನ್ನು ಹಿಡಿದು ಬಿಡುವುದಕ್ಕೆ 16 ನ್ಯಾನೊಸೆಕೆಂಡಿಗೆ ತುಸು ಹೆಚ್ಚು, ಕ್ಯಾಶಿನಲ್ಲಿ ಸಿಗದ ಮಾಹಿತಿಯನ್ನು ಮೆಮೊರಿಯಿಂದ ತರಲು ಸುಮಾರು 32 ನ್ಯಾನೊಸೆಕೆಂಡ್. ಯಾವ ಪೈಪೋಟಿಯೂ ಇಲ್ಲದಿದ್ದಾಗಿನ ಬೆಲೆಯಿದು. ಕೂಡಿಸುವುದಕ್ಕೊಂದು, ಕಳೆಯುವುದಕ್ಕೊಂದು ಎಂದು ಎರಡು ಅಟಾಮಿಕ್ ಸೂಚನೆಗಳಾದರೆ 67.2ರಲ್ಲಿ ಕಾಲುಭಾಗ ಅಲ್ಲಿಗೇ ಮುಗಿಯುತ್ತದೆ. ಸಾಕೆಟ್, ರೂಟ್, ಪುಟ, ಎಸ್‌ಕೆಬಫ್ ಎಂದು ನಾಲ್ಕು ವಸ್ತುಗಳಿಗೆ ಎರಡೆರಡರಂತೆ ಎಂಟು ಸೂಚನೆಗಳಾದರೆ 66 ನ್ಯಾನೊಸೆಕೆಂಡ್. ಪ್ಯಾಕೆಟ್ಟಿನೊಳಗೆ ಏನಿದೆ ಎಂದು ನೋಡುವುದಕ್ಕೂ ಸಮಯ ಉಳಿಯುವುದಿಲ್ಲ. ಹಲವು ಕೋರ್‌ಗಳು ಒಂದೇ ಸಂಖ್ಯೆಗಾಗಿ ಪೈಪೋಟಿ ನಡೆಸಿದಾಗ ಈ ಬೆಲೆ ಹಲವು ಪಟ್ಟು ಏರುತ್ತದೆ. ಆಗ ಕೋರ್‌ಗಳನ್ನು ಹೆಚ್ಚಿಸಿದರೆ ಕೆಲಸ ಹೆಚ್ಚುವ ಬದಲು ಕಾಯುವಿಕೆ ಹೆಚ್ಚುತ್ತದೆ.

ಎಣಿಕೆಯನ್ನೇ ತೆಗೆದುಕೊಳ್ಳದಿರುವುದು

ಈ ಕೆಲಸದ ಅತ್ಯಂತ ಸೊಗಸಾದ ಭಾಗ ಇದು ಎಂಬುದು ನನ್ನ ಅಭಿಪ್ರಾಯ. ಅಟಾಮಿಕ್ ಸೂಚನೆಯನ್ನು ವೇಗಗೊಳಿಸುವುದು ಸಾಫ್ಟ್‌ವೇರ್ ಬರೆಯುವವರ ಕೈಯಲ್ಲಿಲ್ಲ. ಅದರ ಅಗತ್ಯವೇ ಬೀಳದಂತೆ ಕೆಲಸವನ್ನು ಜೋಡಿಸುವುದು ಅವರ ಕೈಯಲ್ಲಿದೆ. ಇದಕ್ಕೆ ಬುನಾದಿಯಾದದ್ದು 2002ರಲ್ಲಿ, ಪಾಲ್ ಮೆಕೆನ್ನಿ ಮತ್ತು ಅವರ ಜೊತೆಗಾರರ ಪ್ರಯತ್ನದಿಂದ, ಲಿನಕ್ಸ್ ಕರ್ನಲ್ಲಿಗೆ ಸೇರಿದ ಆರ್‌ಸಿಯು ಎಂಬ ವಿಧಾನ.

ಆರ್‌ಸಿಯು ವಿಧಾನದಲ್ಲಿ, ವಸ್ತುವನ್ನು ನೋಡುವವರು ಯಾವ ಸಂಖ್ಯೆಯನ್ನೂ ಬದಲಿಸುವುದಿಲ್ಲ. ತಾವು ಓದುವ ಅವಧಿಯೊಳಗೆ ಇದ್ದೇವೆ ಎಂಬುದನ್ನಷ್ಟೇ ತಮ್ಮ ಕೋರ್‌ನ ಮಟ್ಟಿಗೆ ಗುರುತು ಮಾಡಿಕೊಳ್ಳುತ್ತಾರೆ. ಕರ್ನಲ್ಲಿನ ಕೆಲವು ಬಗೆಗಳಲ್ಲಿ ಅಷ್ಟೂ ಬೇಕಾಗುವುದಿಲ್ಲ. ವಸ್ತುವನ್ನು ತೆಗೆಯಬೇಕಾದವರು ಮೊದಲು ಅದನ್ನು ಪಟ್ಟಿಯಿಂದ ಬಿಡಿಸುತ್ತಾರೆ. ಇನ್ನು ಮುಂದೆ ಹೊಸಬರ್‍ಯಾರಿಗೂ ಅದು ಸಿಗುವುದಿಲ್ಲ. ಆದರೆ ಮೆಮೊರಿಯನ್ನು ಕೂಡಲೇ ಬಿಡುಗಡೆ ಮಾಡುವುದಿಲ್ಲ. ಆ ಕ್ಷಣದಲ್ಲಿ ಓದುತ್ತಿದ್ದ ಪ್ರತಿಯೊಂದು ಕೋರ್ ಕೂಡ ತನ್ನ ಓದುವ ಅವಧಿಯಿಂದ ಒಮ್ಮೆಯಾದರೂ ಹೊರಬರುವವರೆಗೆ ಕಾಯುತ್ತಾರೆ. ಅಲ್ಲಿಗೆ ಹಳೆಯ ವಸ್ತುವನ್ನು ಹಿಡಿದವರು ಯಾರೂ ಉಳಿದಿಲ್ಲ ಎಂಬುದು ಖಾತ್ರಿಯಾಗುತ್ತದೆ. ರೂಟ್ ಬದಲಾಗುವುದು ಅಪರೂಪ, ಅದನ್ನು ನೋಡುವುದು ಪ್ರತಿ ಪ್ಯಾಕೆಟ್ಟಿಗೂ. ಹಾಗಾಗಿ ಭಾರವನ್ನೆಲ್ಲ ಅಪರೂಪದ ಕೆಲಸದ ಮೇಲೆ ಹಾಕಿ, ಪದೇ ಪದೇ ನಡೆಯುವ ಕೆಲಸವನ್ನು ಹಗುರಗೊಳಿಸಿದಂತಾಯಿತು.

2010ರಲ್ಲಿ ಲಿನಕ್ಸಿನ ನೆಟ್‌ವರ್ಕ್ ಭಾಗವನ್ನು ಬರೆಯುವವರಲ್ಲೊಬ್ಬರಾದ ಎರಿಕ್ ಡುಮಾಜೆ ಇದನ್ನು ರೂಟಿನ ವಿವರಕ್ಕೆ ಅನ್ವಯಿಸಿದ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಅದಕ್ಕೆ ಮೊದಲು ಪ್ರತಿ ಎಸ್‌ಕೆಬಫ್ ಕೂಡ ತನ್ನ ರೂಟಿನ ಬಳಕೆ ಎಣಿಕೆಗೆ ಒಂದನ್ನು ಕೂಡಿಸಿ, ಕೊನೆಯಲ್ಲಿ ಕಳೆಯುತ್ತಿತ್ತು. ಒಂದು ಸರ್ವರಿಗೆ ಬರುವ ಲಕ್ಷಾಂತರ ಪ್ಯಾಕೆಟ್ಟುಗಳು ಒಂದೇ ರೂಟನ್ನು ಬಳಸುವುದು ಸಾಮಾನ್ಯವಾದ್ದರಿಂದ ಎಲ್ಲ ಕೋರ್‌ಗಳೂ ಆ ಒಂದೇ ಸಂಖ್ಯೆಗಾಗಿ ಎಳೆದಾಡುತ್ತಿದ್ದವು. ಆದರೆ ಬಹುಪಾಲು ಪ್ಯಾಕೆಟ್ಟುಗಳಿಗೆ ರೂಟಿನ ವಿವರ ಬೇಕಾಗುವುದು ಆರ್‌ಸಿಯು ರಕ್ಷಣೆ ಇರುವ ಆ ಚಿಕ್ಕ ಅವಧಿಯಲ್ಲಿ ಮಾತ್ರ. ಆದ್ದರಿಂದ ಎಣಿಕೆಗೆ ಸೇರಿಸದೆಯೇ ರೂಟಿನ ವಿವರ ಮೆಮೊರಿಯಲ್ಲಿರುವ ವಿಳಾಸವನ್ನು ಎಸ್‌ಕೆಬಫ್‌ನಲ್ಲಿ ಬರೆದುಕೊಳ್ಳುವ ವ್ಯವಸ್ಥೆಯನ್ನು ಮಾಡಲಾಯಿತು. ಇದಕ್ಕೆ ಎಣಿಕೆ ತೆಗೆದುಕೊಂಡಿಲ್ಲ ಎಂಬ ಗುರುತನ್ನು ಎಲ್ಲಿಡುವುದು? ಮೆಮೊರಿಯಲ್ಲಿ ಇಂತಹ ವಸ್ತುಗಳ ವಿಳಾಸ ಯಾವಾಗಲೂ ಸಮಸಂಖ್ಯೆ, ಅಂದರೆ ಅದರ ಕೊನೆಯ ಬಿಟ್ ಯಾವಾಗಲೂ ಸೊನ್ನೆ. ಆ ಬಿಟ್ಟನ್ನೇ 1 ಮಾಡಿ ಗುರುತಾಗಿ ಬಳಸಿಕೊಂಡರು, ಹೆಚ್ಚುವರಿ ಜಾಗವೇ ಬೇಕಾಗಲಿಲ್ಲ. ಪ್ಯಾಕೆಟ್ ಸರದಿಯಲ್ಲಿ ಬಹಳ ಹೊತ್ತು ನಿಲ್ಲಬೇಕಾಗಿ ಬಂದು ರಕ್ಷಣೆಯ ಅವಧಿ ಮುಗಿಯುವುದಾದರೆ, ಆಗ ಮಾತ್ರ ನಿಜವಾದ ಎಣಿಕೆಯನ್ನು ತೆಗೆದುಕೊಂಡು ಗುರುತನ್ನು ಅಳಿಸಲಾಗುತ್ತದೆ.

2016ರಲ್ಲಿ ಇದೇ ಡುಮಾಜೆ ಯುಡಿಪಿ ಸಾಕೆಟ್ಟುಗಳಿಗೂ, ಹೊಸ ಸಂಪರ್ಕಗಳಿಗಾಗಿ ಕಾದಿರುವ ಟಿಸಿಪಿ ಸಾಕೆಟ್ಟುಗಳಿಗೂ ಆರ್‌ಸಿಯು ಅವಧಿ ಕಳೆದ ಮೇಲೆಯೇ ಮೆಮೊರಿ ಬಿಡುಗಡೆಯಾಗುವಂತೆ ಮಾಡಿ, ಪ್ಯಾಕೆಟ್ ಬಂದಾಗ ಅವುಗಳ ಎಣಿಕೆಯನ್ನು ಮುಟ್ಟುವ ಅಗತ್ಯವನ್ನು ಹೋಗಲಾಡಿಸಿದರು. ಎರಡನೆಯದರ ಪ್ರಯೋಜನ ಕಾಣುವುದು ದಾಳಿಯ ಹೊತ್ತಿನಲ್ಲಿ. ಸರ್ವರೊಂದನ್ನು ಮುಳುಗಿಸಲು ದಾಳಿಕೋರರು ಸಂಪರ್ಕ ಕೋರುವ ಪ್ಯಾಕೆಟ್ಟುಗಳನ್ನೇ ಪ್ರವಾಹದಂತೆ ಕಳುಹಿಸುತ್ತಾರೆ. ಅವೆಲ್ಲ ಒಂದೇ ಸಾಕೆಟ್ಟಿಗೆ ಬರುವುದರಿಂದ ಹಿಂದೆ ಎಲ್ಲ ಕೋರ್‌ಗಳೂ ಅದರ ಎಣಿಕೆಗಾಗಿ ಪೈಪೋಟಿಗೆ ಬೀಳುತ್ತಿದ್ದವು, ದಾಳಿಗಿಂತ ಎಣಿಕೆಯೇ ಯಂತ್ರವನ್ನು ಹೆಚ್ಚು ಬಳಲಿಸುವ ಸ್ಥಿತಿ ಬರುತ್ತಿತ್ತು.

ಎರಡು ಲೆಕ್ಕಗಳನ್ನು ಒಂದು ಮಾಡುವುದು

ಪ್ಯಾಕೆಟ್ ಹೊರಗೆ ಕಳುಹಿಸುವ ದಾರಿಯಲ್ಲಿ ಬೇರೊಂದು ಬಗೆಯ ಉಳಿತಾಯ 2009ರಲ್ಲಿಯೇ ಆಗಿತ್ತು. ಸಾಕೆಟ್ ಒಂದರಿಂದ ಹೊರಟು ಇನ್ನೂ ಕಾರ್ಡಿನಿಂದ ಆಚೆ ಹೋಗದ ಪ್ಯಾಕೆಟ್ಟುಗಳು ಒಟ್ಟು ಎಷ್ಟು ಬೈಟ್ ಮೆಮೊರಿ ಹಿಡಿದಿವೆ ಎಂಬ ಲೆಕ್ಕವನ್ನು ಕರ್ನಲ್ ಇಟ್ಟಿರುತ್ತದೆ. ಒಂದು ಪ್ರೋಗ್ರಾಮ್ ಇಡೀ ಮೆಮೊರಿಯನ್ನು ನುಂಗದಂತೆ ತಡೆಯಲು ಇದು ಅಗತ್ಯ. ಇದರ ಜೊತೆಗೆ, ಪ್ಯಾಕೆಟ್ ಇನ್ನೂ ಇರುವಾಗ ಸಾಕೆಟ್ ಕಣ್ಮರೆಯಾಗದಂತೆ ಪ್ರತಿ ಪ್ಯಾಕೆಟ್ಟಿಗೂ ಸಾಕೆಟ್ಟಿನ ಬಳಕೆ ಎಣಿಕೆಯನ್ನು ಒಮ್ಮೆ ಏರಿಸಿ ಒಮ್ಮೆ ಇಳಿಸಲಾಗುತ್ತಿತ್ತು. ಪ್ಯಾಕೆಟ್ ಕಳುಹಿಸಿದ ಕೋರ್ ಒಂದು, ಕಳುಹಿಸಿ ಮುಗಿದದ್ದನ್ನು ಗಮನಿಸುವ ಕೋರ್ ಇನ್ನೊಂದು ಆಗಿರಬಹುದಾದ್ದರಿಂದ ಆ ಕ್ಯಾಶ್ ಲೈನ್ ಅತ್ತಿಂದಿತ್ತ ಓಡಾಡುತ್ತಲೇ ಇರುತ್ತಿತ್ತು.

ಡುಮಾಜೆ ಗಮನಿಸಿದ್ದು ಇಷ್ಟು: ಬೈಟ್‌ಗಳ ಲೆಕ್ಕ ಸೊನ್ನೆಗಿಂತ ಹೆಚ್ಚಿದೆ ಎಂದರೆ ಯಾವುದೋ ಪ್ಯಾಕೆಟ್ ಇನ್ನೂ ಬಾಕಿಯಿದೆ ಎಂದೇ ಅರ್ಥ. ಹಾಗಿದ್ದ ಮೇಲೆ ಅದೇ ವಿಷಯವನ್ನು ಹೇಳಲು ಎರಡನೆಯ ಸಂಖ್ಯೆ ಏಕೆ? ಅವರು ಬೈಟ್ ಲೆಕ್ಕವನ್ನು ಸೊನ್ನೆಯ ಬದಲು 1ರಿಂದ ಆರಂಭಿಸಿದರು. ಆ ಒಂದು, ಸಾಕೆಟ್ ಜೀವಂತವಿರುವುದರ ಗುರುತು. ಸಾಕೆಟ್ ಮುಚ್ಚಿದಾಗ ಆ ಒಂದನ್ನು ಕಳೆಯಲಾಗುತ್ತದೆ. ಪ್ಯಾಕೆಟ್ಟುಗಳು ಬಾಕಿಯಿದ್ದರೆ ಸಂಖ್ಯೆ ಸೊನ್ನೆಗೆ ಇಳಿಯುವುದಿಲ್ಲ, ಕೊನೆಯ ಪ್ಯಾಕೆಟ್ ಮುಗಿದಾಗ ಇಳಿಯುತ್ತದೆ, ಆಗ ಸಾಕೆಟ್ ಬಿಡುಗಡೆಯಾಗುತ್ತದೆ. ಪ್ರತಿ ಪ್ಯಾಕೆಟ್ಟಿಗೆ ಎರಡು ಅಟಾಮಿಕ್ ಸೂಚನೆಗಳು ಹೀಗೆ ಇಲ್ಲವಾದವು.

ಓದಿದರೆ ಸಾಕಾಗುವ ಸಂದರ್ಭ

ಎಸ್‌ಕೆಬಫ್ ಅನ್ನು ಬಿಡುಗಡೆ ಮಾಡುವ ಜಾಗದಲ್ಲಿ ಇನ್ನೂ ಚಿಕ್ಕದೊಂದು ಜಾಣ್ಮೆ ಇದೆ. ಎಣಿಕೆಯಿಂದ ಒಂದನ್ನು ಕಳೆದು ಸೊನ್ನೆಯಾಯಿತೇ ಎಂದು ನೋಡುವ ಮೊದಲು, ಕರ್ನಲ್ ಆ ಸಂಖ್ಯೆಯನ್ನು ಸುಮ್ಮನೆ ಓದುತ್ತದೆ. ಅದು 1 ಇದ್ದರೆ ಕಳೆಯುವ ಗೊಡವೆಗೇ ಹೋಗದೆ ನೇರವಾಗಿ ಬಿಡುಗಡೆ ಮಾಡುತ್ತದೆ. ಎಣಿಕೆ 1 ಇದ್ದು, ಆ ಒಂದು ನನ್ನದೇ ಆಗಿದ್ದರೆ, ಅದನ್ನು ಏರಿಸಬಲ್ಲವರು ಬೇರೆ ಯಾರೂ ಇಲ್ಲ, ಏಕೆಂದರೆ ಬೇರೆ ಯಾರ ಬಳಿಯೂ ಆ ಎಸ್‌ಕೆಬಫ್‌ನ ವಿಳಾಸವಿಲ್ಲ. ಓದುವುದು ಅಗ್ಗ. ಬಹುಪಾಲು ಪ್ಯಾಕೆಟ್ಟುಗಳಿಗೆ ಒಬ್ಬರೇ ಬಳಕೆದಾರರು. ಹಾಗಾಗಿ ಈ ಒಂದು ಸಾಲು ಪ್ರತಿ ಪ್ಯಾಕೆಟ್ಟಿನ ಮೇಲೂ ಉಳಿತಾಯ ತರುತ್ತದೆ.

ಇದೇ ಉಪಾಯವನ್ನು ಸಾಕೆಟ್ಟಿಗೆ ಹಚ್ಚಲಾಗದು. ಸಾಕೆಟ್ ಎಲ್ಲರೂ ಹುಡುಕಬಹುದಾದ ಪಟ್ಟಿಯಲ್ಲಿ ಇರುತ್ತದೆ. ನಾನು 1 ಎಂದು ಓದಿದ ಮರುಕ್ಷಣವೇ ಇನ್ನೊಂದು ಕೋರ್ ಪಟ್ಟಿಯಿಂದ ಅದನ್ನು ಹುಡುಕಿ ಎಣಿಕೆಯನ್ನು 2 ಮಾಡಬಹುದು. ಯಾವ ವಸ್ತುವಿಗೆ ಯಾವ ಉಪಾಯ ಸಲ್ಲುತ್ತದೆ ಎಂಬುದು, ಆ ವಸ್ತುವನ್ನು ಯಾರು ಯಾವ ದಾರಿಯಿಂದ ತಲುಪಬಲ್ಲರು ಎಂಬುದರ ಮೇಲೆ ನಿಂತಿದೆ.

ಅವರವರ ಲೆಕ್ಕ ಅವರವರ ಬಳಿ

ಚಪ್ಪರದಲ್ಲಿ ಪ್ರತಿಯೊಬ್ಬರೂ ತಮ್ಮ ಡಬ್ಬಗಳ ಲೆಕ್ಕವನ್ನು ತಮ್ಮ ಪಕ್ಕದಲ್ಲೇ ಗೀಟು ಹಾಕಿಟ್ಟುಕೊಂಡು, ಒಟ್ಟು ಮೊತ್ತ ಬೇಕಾದಾಗ ಮಾತ್ರ ಎಲ್ಲವನ್ನೂ ಕೂಡಿಸಿದರೆ ಯಾರೂ ಏಳಬೇಕಾಗಿಲ್ಲ. ನೆಟ್‌ವರ್ಕ್ ಕಾರ್ಡಿನ ವಿವರಕ್ಕೆ ಇರುವ ಬಳಕೆ ಎಣಿಕೆಯನ್ನು 2010ರಲ್ಲಿ ಹೀಗೆಯೇ ಕೋರ್‌ಗೊಂದರಂತೆ ಹಂಚಲಾಯಿತು. ಒಂದು ಕೋರ್‌ನಲ್ಲಿ ಏರಿಸಿದ್ದನ್ನು ಇನ್ನೊಂದು ಕೋರ್‌ನಲ್ಲಿ ಇಳಿಸಿದರೂ ನಡೆಯುತ್ತದೆ. ಆಗ ಒಂದರ ಸಂಖ್ಯೆ ಸೊನ್ನೆಗಿಂತ ಕೆಳಗೆ ಇಳಿಯಬಹುದು, ಆದರೆ ಅರ್ಥವಿರುವುದು ಒಟ್ಟು ಮೊತ್ತಕ್ಕೆ ಮಾತ್ರ. ಆ ಮೊತ್ತ ಬೇಕಾಗುವುದು ಕಾರ್ಡನ್ನು ವ್ಯವಸ್ಥೆಯಿಂದ ತೆಗೆಯುವಾಗ, ಅಂದರೆ ತೀರಾ ಅಪರೂಪಕ್ಕೆ. ಎಲ್ಲೋ ಒಂದು ಕಡೆ ಇಳಿಸುವುದನ್ನು ಮರೆತಿದ್ದರೆ ಮೊತ್ತ ಎಂದಿಗೂ ಪೂರ್ತಿ ಇಳಿಯುವುದಿಲ್ಲ, ಸಾಧನ ಬಿಡುಗಡೆಯಾಗಲೆಂದು ಕಾಯುತ್ತಿದ್ದೇನೆ, ಬಳಕೆ ಎಣಿಕೆ ಇನ್ನೂ ಇಷ್ಟಿದೆ ಎಂಬ ಸಂದೇಶವನ್ನು ಕರ್ನಲ್ ಮತ್ತೆ ಮತ್ತೆ ಮುದ್ರಿಸುತ್ತದೆ. ಕಂಟೈನರ್‌ಗಳನ್ನು (ಪ್ರೋಗ್ರಾಮುಗಳಿಗೆ ಒಂದೇ ಯಂತ್ರದಲ್ಲಿ ಕೊಡುವ ಪ್ರತ್ಯೇಕ ಆವರಣಗಳನ್ನು) ನಡೆಸುವ ಸಿಸ್ಟಂ ನಿರ್ವಾಹಕರಲ್ಲಿ ಹಲವರಿಗೆ ಈ ಸಂದೇಶ ಪರಿಚಿತ. ಬಂದ ಪ್ಯಾಕೆಟ್ಟುಗಳೆಷ್ಟು, ಹೋದವೆಷ್ಟು ಎಂಬ ಅಂಕಿ ಅಂಶಗಳನ್ನೂ ಹಲವು ಡ್ರೈವರುಗಳು ಕೋರ್‌ವಾರು ಇಡುತ್ತವೆ.

ಒಟ್ಟಾಗಿ ಎಣಿಸುವುದು ಇದರ ಹತ್ತಿರದ ನೆಂಟ. ಇಂಟೆಲ್‌ನ 10 ಗಿಗಾಬಿಟ್ ಕಾರ್ಡುಗಳ ಡ್ರೈವರ್ ಮೆಮೊರಿಯ ಪುಟವೊಂದನ್ನು ಪಡೆದಾಗ ಅದರ ಎಣಿಕೆಯನ್ನು ಒಂದೇ ಸಲಕ್ಕೆ 65,535ಕ್ಕೆ ಏರಿಸಿಡುತ್ತದೆ. ಆಮೇಲೆ ಆ ಪುಟದಿಂದ ಪ್ಯಾಕೆಟ್ಟಿಗೆ ಜಾಗ ಕೊಟ್ಟಾಗಲೆಲ್ಲ ತನ್ನ ಬಳಿಯಿರುವ ಮಾಮೂಲು ಸಂಖ್ಯೆಯಿಂದ ಒಂದನ್ನು ಕಳೆಯುತ್ತ ಹೋಗುತ್ತದೆ. ಆ ಸಂಖ್ಯೆಯನ್ನು ಬೇರೆ ಯಾರೂ ಮುಟ್ಟುವುದಿಲ್ಲವಾದ್ದರಿಂದ ಅಟಾಮಿಕ್ ಸೂಚನೆ ಬೇಕಿಲ್ಲ. ಪ್ಯಾಕೆಟ್ಟುಗಳನ್ನೇ ಒಟ್ಟುಗೂಡಿಸುವ ಜಿಆರ್‌ಒ ವಿಧಾನ 2009ರಲ್ಲಿ ಬಂತು. ಒಂದೇ ಸಂಪರ್ಕಕ್ಕೆ ಸೇರಿದ, ಬೆನ್ನುಬೆನ್ನಿಗೆ ಬಂದ ನಲವತ್ತಕ್ಕೂ ಹೆಚ್ಚು ಪ್ಯಾಕೆಟ್ಟುಗಳನ್ನು ಅದು 64 ಕಿಲೋಬೈಟ್‌ವರೆಗಿನ ಒಂದೇ ದೊಡ್ಡ ಪ್ಯಾಕೆಟ್ ಎಂಬಂತೆ ಮೇಲಿನ ಹಂತಗಳಿಗೆ ದಾಟಿಸಬಲ್ಲದು. ರೂಟ್ ಹುಡುಕುವುದು, ಸಾಕೆಟ್ ಹುಡುಕುವುದು, ಎಣಿಕೆ ಎಲ್ಲವೂ ಆಗ ಒಂದೇ ಸಲ ನಡೆಯುತ್ತವೆ.

ಒಂದು ಸಂಪರ್ಕದ ಪ್ಯಾಕೆಟ್ಟುಗಳೆಲ್ಲ ಒಂದೇ ಕೋರ್‌ಗೆ ಹೋಗುವಂತೆ ನೋಡಿಕೊಂಡರೆ ಪೈಪೋಟಿ ಹುಟ್ಟುವುದೇ ಕಡಿಮೆ. ಒಳ್ಳೆಯ ಕಾರ್ಡುಗಳು ವಿಳಾಸವನ್ನೂ, ಒಂದು ಯಂತ್ರದೊಳಗೆ ಯಾವ ಪ್ರೋಗ್ರಾಮ್ ಎಂದು ಗುರುತಿಸುವ ಪೋರ್ಟ್ ಸಂಖ್ಯೆಗಳನ್ನೂ ನೋಡಿ ತಾವೇ ಹೀಗೆ ಹಂಚುತ್ತವೆ. ಅಂತಹ ಸೌಲಭ್ಯವಿಲ್ಲದ ಕಾರ್ಡುಗಳಿಗಾಗಿ ಗೂಗಲ್‌ನ ಟಾಮ್ ಹರ್ಬರ್ಟ್ 2010ರಲ್ಲಿ ಅದನ್ನು ಸಾಫ್ಟ್‌ವೇರಿನಲ್ಲೇ ತಂದರು.

ತಪ್ಪಿದರೆ ಏನಾಗುತ್ತದೆ, ಉಳಿದಿರುವುದೇನು

ಈ ಬದಲಾವಣೆಗಳು ನಿಧಾನವಾಗಿ ಬಂದದ್ದಕ್ಕೆ ಕಾರಣವಿದೆ. ಬೇಡದ ಎಣಿಕೆಯೊಂದು ಉಳಿದರೆ ಯಂತ್ರ ನಿಧಾನವಾಗುತ್ತದೆ, ಬೇಕಾದ ಎಣಿಕೆಯೊಂದನ್ನು ತೆಗೆದರೆ ಯಂತ್ರದ ಭದ್ರತೆಯೇ ಹೋಗುತ್ತದೆ. ಬಿಡುಗಡೆಯಾದ ಮೆಮೊರಿಯನ್ನು ಇನ್ನೂ ಬಳಸುತ್ತಿರುವ ದೋಷವನ್ನು ದಾಳಿಕೋರರು ಯಂತ್ರದ ಪೂರ್ಣ ಹಿಡಿತ ಪಡೆಯಲು ಬಳಸಿಕೊಳ್ಳಬಲ್ಲರು. ಎಣಿಕೆ ಏರುತ್ತ ಏರುತ್ತ ಗರಿಷ್ಠ ಮಿತಿ ದಾಟಿ ಮತ್ತೆ ಸೊನ್ನೆಗೆ ಬರುವುದು ಇನ್ನೊಂದು ಅಪಾಯ. ಇದನ್ನು ತಡೆಯಲು 2017ರಲ್ಲಿ ಬಳಕೆ ಎಣಿಕೆಗೆಂದೇ ಬೇರೆ ಬಗೆಯ ಸಂಖ್ಯೆಯನ್ನು ಕರ್ನಲ್ಲಿಗೆ ಸೇರಿಸಲಾಯಿತು. ಅದು ಮಿತಿಯನ್ನು ಮುಟ್ಟಿದರೆ ಅಲ್ಲಿಯೇ ನಿಲ್ಲುತ್ತದೆ, ಹಿಂದಕ್ಕೆ ಸುತ್ತುವುದಿಲ್ಲ. ಮೆಮೊರಿ ಸ್ವಲ್ಪ ಸೋರಿದರೂ ಸರಿ, ತಪ್ಪು ಬಿಡುಗಡೆ ಆಗಬಾರದು ಎಂಬುದು ಇದರ ಹಿಂದಿನ ಆಯ್ಕೆ.

ಎಲ್ಲ ಎಣಿಕೆಗಳೂ ಹೋಗಿಲ್ಲ, ಹೋಗುವುದೂ ಇಲ್ಲ. ಸ್ಥಾಪಿತವಾದ ಟಿಸಿಪಿ ಸಂಪರ್ಕದ ಸಾಕೆಟ್ಟನ್ನು ಹುಡುಕಿದಾಗ ಕರ್ನಲ್ ಈಗಲೂ ಅಟಾಮಿಕ್ ಎಣಿಕೆ ತೆಗೆದುಕೊಂಡು, ತಾನು ಹಿಡಿದದ್ದು ತಾನು ಹುಡುಕಿದ ಸಾಕೆಟ್ಟೇ ಹೌದೇ ಎಂದು ಮತ್ತೊಮ್ಮೆ ಪರೀಕ್ಷಿಸುತ್ತದೆ. ಇಂತಹ ಸಂಪರ್ಕಗಳು ಕ್ಷಣಕ್ಷಣಕ್ಕೂ ಸಾವಿರಾರು ಹುಟ್ಟಿ ಸಾಯುತ್ತವೆ. ಒಂದೊಂದರ ಮೆಮೊರಿಯನ್ನೂ ಆರ್‌ಸಿಯು ಅವಧಿ ಮುಗಿಯುವವರೆಗೆ ತಡೆಹಿಡಿದರೆ, ಇನ್ನೂ ಕ್ಯಾಶಿನಲ್ಲೇ ಇರುವ ಮೆಮೊರಿಯನ್ನು ಕೂಡಲೇ ಮರುಬಳಕೆ ಮಾಡುವ ಲಾಭ ತಪ್ಪುತ್ತದೆ. ಹೆಚ್ಚು ಪ್ಯಾಕೆಟ್ಟುಗಳನ್ನು ಪಡೆಯುವ ಯುಡಿಪಿ ಸಾಕೆಟ್ಟುಗಳು ಸಾಮಾನ್ಯವಾಗಿ ದೀರ್ಘಕಾಲ ಬಾಳುವುದರಿಂದ ಅಲ್ಲಿ ಆ ತೊಂದರೆ ಕಡಿಮೆ.

ನಮ್ಮ ಯಂತ್ರದಲ್ಲಿಯೇ ನೋಡುವುದು ಹೇಗೆ

ಶಿವಮೊಗ್ಗದ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಾಗಲಿ ಮನೆಯಲ್ಲಾಗಲಿ ಲಿನಕ್ಸ್ ಹಾಕಿದ, ಕೇಬಲ್ಲಿನಿಂದ ಜೋಡಿಸಿದ ಎರಡು ಯಂತ್ರಗಳಿದ್ದರೆ ಇದನ್ನೆಲ್ಲ ಕಣ್ಣಾರೆ ನೋಡಬಹುದು. ಕರ್ನಲ್ಲಿನೊಂದಿಗೇ ಬರುವ ಪ್ಯಾಕೆಟ್‌ಜೆನ್ ಎಂಬ ಸೌಲಭ್ಯದಿಂದ ಒಂದು ಯಂತ್ರದಿಂದ ಇನ್ನೊಂದಕ್ಕೆ ಚಿಕ್ಕ ಯುಡಿಪಿ ಪ್ಯಾಕೆಟ್ಟುಗಳನ್ನು ಸತತವಾಗಿ ಕಳುಹಿಸಬಹುದು. ಪಡೆಯುವ ಯಂತ್ರದಲ್ಲಿ ಪರ್ಫ್ ಎಂಬ ಸಾಧನವನ್ನು ನಡೆಸಿದರೆ ಪ್ರೊಸೆಸರಿನ ಸಮಯ ಕರ್ನಲ್ಲಿನ ಯಾವ ಯಾವ ಭಾಗದಲ್ಲಿ ಹೋಗುತ್ತಿದೆ ಎಂಬುದು ತಿಳಿಯುತ್ತದೆ. ಆ ಭಾಗದ ಸೂಚನೆಗಳನ್ನು ಬಿಡಿಸಿ ನೋಡಿದಾಗ, ಸಮಯದ ದೊಡ್ಡ ಪಾಲು ಲಾಕ್ ಗುರುತಿನ ಸೂಚನೆಯ ಮುಂದಿನ ಸಾಲಿಗೆ ಹಚ್ಚಿರುವುದು ಕಾಣಸಿಕ್ಕರೆ, ಅದು ನಿಜಕ್ಕೂ ಹಿಂದಿನ ಲಾಕ್ ಸೂಚನೆಯದೇ ಬೆಲೆ ಎಂದು ತಿಳಿಯಬೇಕು. ಅಳತೆಯು ಒಂದು ಹೆಜ್ಜೆ ಜಾರಿ ದಾಖಲಾಗುವುದು ಸಾಮಾನ್ಯ. ಪರ್ಫ್‌ನದೇ ಸಿ2ಸಿ ಎಂಬ ಉಪಸಾಧನ, ಯಾವ ಕ್ಯಾಶ್ ಲೈನ್ ಕೋರ್‌ಗಳ ನಡುವೆ ಹೆಚ್ಚು ಓಡಾಡುತ್ತಿದೆ ಎಂಬುದನ್ನು ವಿಳಾಸ ಸಮೇತ ತೋರಿಸುತ್ತದೆ. ಅದು ಪ್ರೊಸೆಸರಿನ ನೆರವನ್ನು ಬೇಡುವುದರಿಂದ ವರ್ಚುವಲ್ ಯಂತ್ರಗಳಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ.

ಪೈಪೋಟಿಯ ಬೆಲೆಯನ್ನು ಅಳೆಯಲು, ಮೊದಲು ಒಂದೇ ಯುಡಿಪಿ ಸಾಕೆಟ್ಟಿನಿಂದ ಒಂದು ಥ್ರೆಡ್ (ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ನಡೆಯಬಲ್ಲ ಕೆಲಸದ ಎಳೆ), ಆಮೇಲೆ ಎರಡು, ಆಮೇಲೆ ನಾಲ್ಕು ಥ್ರೆಡ್‌ಗಳು ಓದುವಂತೆ ಚಿಕ್ಕ ಪ್ರೋಗ್ರಾಮೊಂದನ್ನು ಬರೆದು, ಥ್ರೆಡ್ ಒಂದಕ್ಕೆ ಸೆಕೆಂಡಿಗೆ ಎಷ್ಟು ಪ್ಯಾಕೆಟ್ಟುಗಳು ದಕ್ಕಿದವು ಎಂದು ಬರೆದಿಟ್ಟುಕೊಳ್ಳಬೇಕು. ನಂತರ, 2013ರಿಂದ ಲಿನಕ್ಸಿನಲ್ಲಿರುವ ರೀಯೂಸ್‌ಪೋರ್ಟ್ ಆಯ್ಕೆಯನ್ನು ಬಳಸಿ, ಒಂದೇ ಪೋರ್ಟಿನ ಮೇಲೆ ಥ್ರೆಡ್‌ಗೊಂದು ಪ್ರತ್ಯೇಕ ಸಾಕೆಟ್ ತೆರೆದು ಅದೇ ಅಳತೆಯನ್ನು ಮಾಡಬೇಕು. ಕಳುಹಿಸುವ ಕಡೆ ಪ್ಯಾಕೆಟ್ಟುಗಳ ಮೂಲ ಪೋರ್ಟ್ ಸಂಖ್ಯೆಯನ್ನು ಬದಲಿಸುತ್ತಿರುವಂತೆ ಪ್ಯಾಕೆಟ್‌ಜೆನ್‌ಗೆ ಹೇಳಿರಬೇಕು, ಇಲ್ಲವಾದರೆ ಎಲ್ಲವೂ ಒಂದೇ ಸಾಕೆಟ್ಟಿಗೆ ಬಂದು ಬೀಳುತ್ತವೆ.